ಒರೆಗಲ್ಲಿನ ಮೇಲೆ ಏಕೆ ಮುನಿಸು?

ಹತ್ತನೆಯ ತರಗತಿಗೆ ಪಬ್ಲಿಕ್ ಪರೀಕ್ಷೆಯೇ ಬೇಡವೆನ್ನುವ ದಯಾಳುಗಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಪರೀಕ್ಷೆ ಇರಲಿ, ಆದರೆ ಯಾರೂ ನಪಾಸಾಗದಂತಿರಲಿ ಎನ್ನುವ ಜಾಣರೂ ಇದ್ದಾರೆ. ಈ ಎರಡೂ ಪಂಗಡದ ಮಹಾಶಯರು ಒಂದು ದಿನ ಮುಂಜಾನೆ ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ನಿಂತು ನೋಡಬೇಕೆಂದು ನನ್ನ ಬಿನ್ನಹ.

ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಕಿಕ್ಕಿರಿದಿರುತ್ತದೆ. ಎಲ್ಲರೂ ಬೆಂಗಳೂರಿಗೆ ದುಡಿಯಲು ಹೊರಟವರು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಜ್ಜ ಗಣಿಯಲ್ಲಿದ್ದನೆಂದು ಮೊಮ್ಮಕ್ಕಳನ್ನು ಕರೆದು ಕೆಲಸ ಕೊಡುವವರು ಈಗಿಲ್ಲ. ಬೆಂಗಳೂರಿನಲ್ಲಿ ಅವರಿಗಾಗಿ ಒಂದು ಮಾತು ಹೇಳುವ ಸೋದರಮಾವನೂ ಇಲ್ಲ. ಅವರ ಪರವಾಗಿ ಮೊದಲು ಮಾತನಾಡುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಬಸವನಗುಡಿಯ ಹುಡುಗನಿಗೆ ಕೇಳಿದ ಪ್ರಶ್ನೆಯನ್ನೇ ಚಾಂಪಿಯನ್ ರೀಫಿನ ಹುಡುಗಿಗೂ ಕೇಳುತ್ತಾರೆ. ಉತ್ತರ ತಿದ್ದುವವರಿಗೆ ಇಬ್ಬರ ಹೆಸರೂ ಕಾಣದು. ಇಂಥ ನಿಷ್ಪಕ್ಷಪಾತವಾದ ಬಾಗಿಲು ನಮ್ಮ ಸಮಾಜದಲ್ಲಿ ಇನ್ನೆಷ್ಟಿವೆ? ಅದನ್ನು ಕಿತ್ತುಹಾಕಿದರೆ ಆ ಜಾಗದಲ್ಲಿ ಬಂದು ಕೂರುವುದು ಶಿಫಾರಸು.

ಅಂಕವನ್ನು ಅಗ್ಗ ಮಾಡುವುದು ಈ ಅನ್ಯಾಯದ ತಮ್ಮ. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಕಣ್ಣಿಟ್ಟಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಧಾರಾಳವಾಗಿ ಹಂಚಿದ ಮೇಲೂ 73.40ಕ್ಕೆ ಇಳಿಯಿತು. ಕಾಯಿಲೆ ಏನೆಂದು ಗೊತ್ತಾಯಿತು. ಮದ್ದು? ಪಾಸಾಗಲು ಬೇಕಾದ 35ನ್ನು 33ಕ್ಕೆ ಇಳಿಸುವುದೆಂದು 2025ರಲ್ಲಿ ತೀರ್ಮಾನ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಗ್ಗದ ಅಂಕಪಟ್ಟಿಯನ್ನು ಬೆಂಗಳೂರಿನ ಯಜಮಾನ ನಂಬುವುದಿಲ್ಲ. ಕಷ್ಟಪಟ್ಟು ಗಳಿಸಿದವನ ಅಂಕವನ್ನೂ ಅದರ ಜೊತೆಗೇ ಅನುಮಾನಿಸುತ್ತಾನೆ.

ನಪಾಸು ಎಂಬ ಮಾತು ಎಳೆಯ ಮನಸ್ಸನ್ನು ಮುರಿಯುತ್ತದೆಯೆನ್ನುತ್ತಾರೆ. ಒಪ್ಪಿದೆ. ಅದಕ್ಕಾಗಿಯೇ 2024ರಲ್ಲಿ ಒಂದೇ ವರ್ಷದೊಳಗೆ ಮೂರು ಪರೀಕ್ಷೆಗಳ ಏರ್ಪಾಡು ಬಂತು. ಎಡವಿದವನಿಗೆ ಏಳಲು ಕೈಕೊಡುವುದು ಕರುಣೆ. ನೀನು ಎಡವಲೇ ಇಲ್ಲವೆಂದು ಹೇಳಿ ಕಳುಹಿಸುವುದು ವಂಚನೆ.

ಚಿನ್ನದ ಗಣಿಯ ಊರಿನಲ್ಲಿ ಎಷ್ಟೋ ಮನೆಗಳ ಮಾತು ತಮಿಳು, ತೆಲುಗು, ಇಲ್ಲವೆ ಉರ್ದು. ಶಾಲೆಯ ಪಾಠ ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ಈ ನಡುವೆ ಏಗುವ ಮಗುವಿಗೆ ಎರಡು ಅಂಕದ ಭಿಕ್ಷೆ ಏತಕ್ಕೆ? ಐದನೆಯ ತರಗತಿಯಲ್ಲೇ ಅದರ ಕೊರತೆಯನ್ನು ಕಂಡು, ಸಂಜೆ ಒಂದು ಗಳಿಗೆ ಹೆಚ್ಚು ಕೂರಿಸಿ ಕಲಿಸುವ ಮೇಷ್ಟರನ್ನು ಕೊಡಿ. ಆ ಖರ್ಚಿಗೆ ಹಿಂಜರಿಯುವವರಿಗೆ ಒರೆಗಲ್ಲಿನ ಮೇಲೆ ಮುನಿಸು.

ಕೆ.ಜಿ.ಎಫ್.ನ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನ ಅದಿರು ತೀರಿದಾಗ ಅವರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಬರಿಯ ಕಲ್ಲನ್ನು ಚಿನ್ನವೆಂದು ತೂಗಿ ಕೊಡಲಿಲ್ಲ.