ಕರುಳಿನ ಮಾತು

ನಮ್ಮ ನುಡಿಯಲ್ಲಿ ಕರುಳಿಗೆ ದೊರೆತಿರುವ ಗೌರವ ಸಾಮಾನ್ಯವಾದುದಲ್ಲ. ತಾಯಿಯದು ಹೆತ್ತ ಕರುಳು. ಮಗು ಕರುಳಿನ ಕುಡಿ. ಪರರ ಸಂಕಟವನ್ನು ಕಂಡಾಗ ಚುರುಕ್ಕೆನ್ನುವುದೂ ಕರುಳೇ. ಆದರೆ ಆ ಕರುಳು ತನ್ನ ಸಂಕಟವನ್ನು ಹೇಳಿಕೊಳ್ಳಹೊರಟಾಗ ಮಾತ್ರ ನಾವು ನಾಚಿ ಬಾಯಿ ಮುಚ್ಚಿಕೊಳ್ಳುತ್ತೇವೆ. ಈ ನಾಚಿಕೆಗೆ ಒಮ್ಮೊಮ್ಮೆ ದುಬಾರಿ ಬೆಲೆ ತೆರಬೇಕಾಗುತ್ತದೆ.

ನಡುವಯಸ್ಸು ದಾಟಿದವರಿಗೆ ವೈದ್ಯರು ಈಗ ಕೊಲೊನೋಸ್ಕೋಪಿಯನ್ನು ಸೂಚಿಸುವುದುಂಟು. ಸುಮಾರು 5 ಅಡಿ ಉದ್ದದ ದೊಡ್ಡ ಕರುಳನ್ನು, ತುದಿಯಲ್ಲಿ ಕ್ಯಾಮರಾ ಇರುವ ಬಾಗುವ ಕೊಳವೆಯಿಂದ ಒಳಹೊಕ್ಕು ನೋಡುವ ಪರೀಕ್ಷೆ ಇದು. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಅವರು ಇಂಥ ಕೊಳವೆಯ ಮೂಲಕ ತಂತಿಯ ಕುಣಿಕೆಯನ್ನು ಹಾಯಿಸಿ, ಪಾಲಿಪ್ ಎಂಬ ಗಂಟನ್ನು ಹೊಟ್ಟೆ ಕೊಯ್ಯದೆಯೇ ತೆಗೆದರು. ಮುಂದೆ ಕ್ಯಾನ್ಸರ್ ಆಗಬಹುದಾದುದನ್ನು ಮೊಳಕೆಯಲ್ಲೇ ಚಿವುಟುವ ದಾರಿ ಹೀಗೆ ತೆರೆಯಿತು.

ಪರೀಕ್ಷೆ ಮುಗಿಸಿ ಮನೆಗೆ ಬಂದವರನ್ನು ಮೊದಲು ಗಾಬರಿಗೊಳಿಸುವುದು ಹೊಟ್ಟೆಯುಬ್ಬರ. ಕರುಳಿನ ಮಡಿಕೆಗಳನ್ನು ಬಿಡಿಸಿ ನೋಡಲು ಒಳಗೆ ಗಾಳಿಯನ್ನೋ ಇಂಗಾಲದ ಡೈ ಆಕ್ಸೈಡನ್ನೋ ತುಂಬಿರುತ್ತಾರೆ. ಅದು ಹೊರಬೀಳುವವರೆಗೆ ಗುಡುಗುಡು ಸದ್ದೂ ಹಿಡಿದು ಬಿಡುವ ನೋವೂ ಸಹಜ. ತುಸು ನಡೆದಾಡಿ, ಸಂಕೋಚವಿಲ್ಲದೆ ವಾಯುವನ್ನು ಹೋಗಗೊಟ್ಟರೆ ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೂ ಅಚ್ಚರಿಯಿಲ್ಲ. ಪರೀಕ್ಷೆಗೆ ಮುನ್ನ ಕುಡಿದ ಭೇದಿಯ ಔಷಧಿ ಉಗ್ರಾಣವನ್ನೇ ಬರಿದು ಮಾಡಿದೆಯಷ್ಟೆ. ಗಂಟನ್ನೋ ಪರೀಕ್ಷೆಗಾಗಿ ಒಂದು ಚೂರನ್ನೋ ತೆಗೆದಿದ್ದರೆ ಮೊದಲಲ್ಲಿ ಒಂದೆರಡು ತೊಟ್ಟು ರಕ್ತವೂ ಕಂಡೀತು.

ಹಾಗೆಂದು ಎಲ್ಲವನ್ನೂ ಸಹಜವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರಿಗೆ ಗಂಟು ತೆಗೆದ ಆರನೆಯ ದಿನ ರಕ್ತ ಹೋಗತೊಡಗಿತು. ಸೊಸೆಯ ಮುಂದೆ ಇದನ್ನು ಹೇಳುವುದೆಂತು ಎಂದು ಇಡೀ ಹಗಲು ಸುಮ್ಮನಿದ್ದರು. ಸಂಜೆ ತಲೆ ಸುತ್ತಿ ಗೋಡೆ ಹಿಡಿದು ನಿಂತಾಗ ಆ ಸೊಸೆಯೇ ಕೇಳಿ ತಿಳಿದು, ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಮತ್ತೆ ಅದೇ ಕೊಳವೆಯಿಳಿಸಿ ರಕ್ತವನ್ನು ನಿಲ್ಲಿಸಿದರು. ಗಂಟು ತೆಗೆದ ಜಾಗದಲ್ಲಿ ಎರಡು ವಾರಗಳವರೆಗೂ ರಕ್ತಸ್ರಾವ ತಲೆದೋರಬಹುದೆಂಬುದು ಮನೆಮಂದಿಗೆಲ್ಲ ತಿಳಿದಿರಬೇಕಾದ ಸಂಗತಿ.

ಕರುಳಿನಲ್ಲಿ ತೂತು ಬೀಳುವುದು ಬಲು ಅಪರೂಪ. ಬಿದ್ದರೆ ಒಂದೊಂದು ಗಂಟೆಯೂ ಅಮೂಲ್ಯ. ಆದ್ದರಿಂದ ಹೆಚ್ಚುತ್ತಲೇ ಹೋಗುವ ನೋವು, ಕಲ್ಲಿನಂತೆ ಬಿಗಿದ ಹೊಟ್ಟೆ, ಚಳಿಜ್ವರ, ನಿಲ್ಲದ ವಾಂತಿ, ಮತ್ತೆ ಮತ್ತೆ ಹೋಗುವ ಅಥವಾ ಹೆಪ್ಪುಗಟ್ಟಿದ ರಕ್ತ, ಡಾಂಬರಿನಂಥ ಕಪ್ಪು ಮಲ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗಂಟನ್ನೇನಾದರೂ ತೆಗೆದರೆ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು? ರಕ್ತ ತೆಳುಮಾಡುವ ಗುಳಿಗೆಯನ್ನು ಎಂದಿನಿಂದ ತೆಗೆದುಕೊಳ್ಳಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದೇ ಆಸ್ಪತ್ರೆಯ ಮೆಟ್ಟಿಲಿಳಿಯುವುದು ಲೇಸು.

ಇನ್ನುಳಿದುದು ಮನೆಯವರ ಪಾಲಿನ ಕೆಲಸ. ಹಿರಿಯರು ತಾವಾಗಿ ಹೇಳಲಿ ಎಂದು ಕಾಯುವುದು ಬೇಡ. "ಊಟವಾಯಿತೆ?" ಎಂದು ಕೇಳುವಷ್ಟೇ ಸಹಜವಾಗಿ, "ಹೊಟ್ಟೆ ಹೇಗಿದೆ?" ಎಂದೂ ಕೇಳೋಣ.