ವ್ಯಾನಿಟಿ ಬ್ಯಾಗಿನಲ್ಲಿ ಪಿಸ್ತೂಲು



ಕಳೆದ ತಿಂಗಳು ನಮ್ಮ ಸಂಘದ ವಾರದ ಸಭೆ. ಉಳಿತಾಯದ ಹಣ ಎಣಿಸಿ, ಪುಸ್ತಕದಲ್ಲಿ ಬರೆದು, ಸಾಲ ಬೇಕಾದವರು ಕೇಳಿ ಎಂದೆವು. ಒಬ್ಬ ಹುಡುಗಿ ಎದ್ದು ನಿಂತು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅಂಗೈಯಷ್ಟು ಉದ್ದದ ಪಿಸ್ತೂಲಿನ ಚಿತ್ರ. ಅಮೆರಿಕದಲ್ಲಿ ಹೆಂಗಸರು ಇಂಥದ್ದನ್ನು ಯಾರಿಗೂ ಕಾಣದಂತೆ ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಾರಂತೆ. "ಅಕ್ಕಾ, ನಮ್ಮಲ್ಲೂ ಕಡಿಮೆ ಬೆಲೆಗೆ ಸಿಗುತ್ತಾ? ಸಂಘದಿಂದ ಸಾಲ ಕೊಡ್ತೀರಾ?" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಅವಳ ಕತೆ ನಮಗೆಲ್ಲ ಗೊತ್ತಿದ್ದದ್ದೇ. ಮದುವೆಯಲ್ಲಿ ಕೊಟ್ಟ ಬೈಕು, ಒಡವೆ ಸಾಲದೆ ಸೈಟಿಗೆ ದುಡ್ಡು ತಾ ಎಂದು ಹೊಡೆದರು. ತವರಿಗೆ ಬಂದು ಏಳು ತಿಂಗಳಾಯಿತು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬಸ್ಸಿಳಿಯುತ್ತಾಳೆ. ಅಲ್ಲಿ ಗಂಡ ನಿಂತಿರುತ್ತಾನೆ. "ಮುಖಕ್ಕೆ ಆಸಿಡ್ ಹಾಕ್ತೀನಿ" ಎನ್ನುತ್ತಾನೆ. "ಬಂದೂಕಿನಿಂದ ಯಾರಿಗೂ ಒಳ್ಳೆಯದಾಗಿಲ್ಲಮ್ಮಾ" ಎಂದೆ. "ಹಾಗಾದ್ರೆ ಬಸ್ ಸ್ಟಾಪಿಗೆ ನೀವು ಬರ್ತೀರಾ ಅಕ್ಕಾ?" ಎಂದು ಕೇಳಿದಳು. ನನ್ನ ಬಾಯಿ ಕಟ್ಟಿತು. ಅವಳ ಮೊದಲ ಪ್ರಶ್ನೆಯನ್ನಾದರೂ ತಮಾಷೆ ಮಾಡದೆ ನೋಡಬೇಕು ಎನ್ನಿಸಿತು.

ಪಿಸ್ತೂಲು ಸಿಗುತ್ತದೆಯೇ? ಸಿಗುತ್ತದೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಯ ಮೇಲೆ ನಡೆದ ಅತ್ಯಾಚಾರಕ್ಕೆ ದೇಶವೇ ಬೀದಿಗಿಳಿಯಿತಲ್ಲ, ಅದಾಗಿ ಒಂದು ವರ್ಷದ ಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಂಗಸರಿಗೆಂದೇ ಒಂದು ರಿವಾಲ್ವರ್ ತಂದಿತು. ಹೆಸರು 'ನಿರ್ಭೀಕ್'. .32 ಬೋರಿನದು, ಸುಮಾರು ಅರ್ಧ ಕೆಜಿ ತೂಕ, ಬ್ಯಾಗಿನಲ್ಲಿ ಹಿಡಿಸುವಂಥದ್ದು. ಒಡವೆ ಇಡುವಂಥ ಕೆಂಪು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಹೆಣ್ಣು ಎಂದರೆ ಒಡವೆ ಪೆಟ್ಟಿಗೆಯೇ ನೆನಪಾಗಬೇಕು ಇವರಿಗೆ! ಆಗಿನ ಬೆಲೆ 1,22,360 ರೂಪಾಯಿ.

ನಮ್ಮ ಲೆಕ್ಕದಲ್ಲಿ ನೋಡಿ. ಸಂಘದಲ್ಲಿ 20 ಜನ, ವಾರಕ್ಕೆ ತಲಾ 50 ರೂಪಾಯಿ. ವಾರಕ್ಕೆ ಸಾವಿರ. ಯಾರೂ ಹಸು ಕೊಳ್ಳದೆ, ಯಾರ ಮಗುವಿನ ಫೀಸೂ ಕಟ್ಟದೆ, ಎರಡು ವರ್ಷ ನಾಲ್ಕು ತಿಂಗಳು ಕೂಡಿಟ್ಟರೆ 20 ಹೆಂಗಸರಿಗೆ ಒಂದು ರಿವಾಲ್ವರ್. ಅದೂ 2014ರ ಬೆಲೆಗೆ.

ಹಣವಿದ್ದರೂ ಅಂಗಡಿಗೆ ಹೋಗಿ ತರುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕು. 21 ವರ್ಷ ತುಂಬಿರಬೇಕು, ಡಿ.ಸಿ.ಗೋ ಪೊಲೀಸ್ ಕಮಿಷನರಿಗೋ ಅರ್ಜಿ ಕೊಡಬೇಕು, ತರಬೇತಿ ಪಡೆಯಬೇಕು, ಪೊಲೀಸ್ ಠಾಣೆ ವರದಿ ಕೊಡಬೇಕು. ಇಲ್ಲಿ ನನಗೆ ನಗು ಬಂತು, ಅಳುವೂ ಬಂತು. ಗಂಡ ಹೊಡೆದ ಎಂದು ಹೋದರೆ "ಸಂಸಾರದ ವಿಷಯ, ರಾಜಿ ಮಾಡ್ಕೊಳಮ್ಮ" ಎಂದು ಕಳಿಸುವ ಠಾಣೆಯೇ ಈಕೆಗೆ ಅಪಾಯವಿದೆ ಎಂದು ಬರೆದುಕೊಡಬೇಕು. ಹಾಗೆ ಬರೆಯುವ ಮನಸ್ಸು ಅವರಿಗಿದ್ದರೆ ಪಿಸ್ತೂಲಿನ ಮಾತೇ ಬರುತ್ತಿರಲಿಲ್ಲ. ಕಡಿಮೆಗೆ ನಾಡ ಪಿಸ್ತೂಲು ಸಿಗುತ್ತದಂತೆ ಎಂದು ಸಭೆಯಲ್ಲಿ ಯಾರೋ ಪಿಸುಗುಟ್ಟಿದರು. ಬೇಡ ತಾಯಂದಿರೇ. ಲೈಸೆನ್ಸ್ ಇಲ್ಲದ ಆಯುಧ ಸಿಕ್ಕರೆ, 2019ರ ತಿದ್ದುಪಡಿಯಾದ ಮೇಲೆ, ಎರಡರಿಂದ ಐದು ವರ್ಷ ಜೈಲು. ಹೊಡೆದವನು ಹೊರಗೆ, ಹೊಡೆಸಿಕೊಂಡವಳು ಒಳಗೆ.

ಬೆಲೆ, ಲೈಸೆನ್ಸ್ ಎಲ್ಲ ಆಯಿತು ಎಂದೇ ಇಟ್ಟುಕೊಳ್ಳೋಣ. ರಾತ್ರಿ ಅದು ಎಲ್ಲಿರುತ್ತದೆ? ಮಕ್ಕಳಿರುವ ಮನೆ, ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಬೀರುವಿನ ಕೀಲಿ ಯಾರ ಹತ್ತಿರ? ನಮ್ಮಪ್ಪ ಸಾಲ ಮಾಡಿ ಹಾಕಿದ ನಾಲ್ಕು ಬಳೆಗಳೇ ನನ್ನ ಕೈಯಲ್ಲಿ ಉಳಿಯಲಿಲ್ಲ. ಮದುವೆಯಾದ ಮೂರನೇ ದಿನ ಅತ್ತೆಯ ಬೀರುವಿಗೆ ಹೋದವು, ಆಮೇಲೆ ಮೈದುನನ ಅಂಗಡಿಗೆ. ನನ್ನ ಬ್ಯಾಂಕ್ ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ, ಅದೂ ಸಿಕ್ಕಿಹಾಕಿಕೊಂಡಿತು. ಬಳೆ ಉಳಿಸಿಕೊಳ್ಳಲಾಗದ ಕೈಯಲ್ಲಿ ರಿವಾಲ್ವರ್ ಉಳಿಯುತ್ತದೆಯೇ? ಬೀದಿಯ ಪುಂಡನಿಂದ ಬ್ಯಾಗನ್ನು ಮರೆಮಾಡಬಹುದು. ಒಂದೇ ಸೂರಿನಡಿ ಮಲಗುವವನಿಂದ ಏನನ್ನು ಮರೆಮಾಡುತ್ತೀರಿ?

ಆ ಹುಡುಗಿ ಈಗ ತವರಲ್ಲಿದ್ದಾಳೆ, ನಿಜ. ಆದರೆ ನಮ್ಮನ್ನು ಕೊಲ್ಲುವವರು ಹೆಚ್ಚಾಗಿ ಅಪರಿಚಿತರಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಹೆಂಗಸರ ಮೇಲಿನ ಅಪರಾಧಗಳಲ್ಲಿ ಅತಿ ಹೆಚ್ಚು ದಾಖಲಾಗುವುದು ಗಂಡ ಮತ್ತು ಅವನ ಕಡೆಯವರ ಕ್ರೌರ್ಯವೇ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಮದುವೆಯಾದವರ ಅಸಹಜ ಸಾವುಗಳನ್ನು ಹುಡುಕುತ್ತಾ ಹೋದಾಗ ಕಡತಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು 'ಸ್ಟೋವ್ ಸಿಡಿದು' ಎಂಬ ಮಾತು. ಅಡಿಗೆಮನೆಯ ಸೀಮೆಎಣ್ಣೆಗೆ ಲೈಸೆನ್ಸ್ ಬೇಕಿರಲಿಲ್ಲ.

ಪಿಸ್ತೂಲು ಸುಲಭವಾಗಿ ಸಿಗುವ ಅಮೆರಿಕದಲ್ಲಿ ಏನಾಗಿದೆ? 11 ನಗರಗಳಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೊಡೆಯುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಂಡತಿ ಕೊಲೆಯಾಗುವ ಸಾಧ್ಯತೆ ಸುಮಾರು ಐದು ಪಟ್ಟು. ಹೆಂಡತಿಯನ್ನು ಹೊಡೆದು ಶಿಕ್ಷೆಯಾದವನು ಬಂದೂಕು ಇಟ್ಟುಕೊಳ್ಳಬಾರದು ಎಂದು ಅಲ್ಲಿ 1996ರಲ್ಲೇ ಕಾನೂನು ಮಾಡಿದರು. ರಕ್ಷಣಾ ಆದೇಶವಿರುವವನ ಕೈಯಲ್ಲೂ ಅದು ಇರಬಾರದು ಎಂಬ ಕಾನೂನನ್ನು ಅವರ ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿಯಿತು. ಬ್ಯಾಗಿನ ಪಿಸ್ತೂಲಿನ ಚಿತ್ರ ಕಳಿಸುವವರು ಇದನ್ನು ಕಳಿಸುವುದಿಲ್ಲ.

ನಮ್ಮಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಇದರ ಬಗ್ಗೆ ಎಷ್ಟು ಸಲ ಬರೆದಿದ್ದರೂ ಇನ್ನೊಮ್ಮೆ ಬರೆಯುತ್ತೇನೆ. ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ ನಮ್ಮ ಸಂರಕ್ಷಣಾಧಿಕಾರಿ. ಅವರಲ್ಲಿ ದೂರು ಬರೆಸಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಆಕೆ ಕೆಲಸ ಮಾಡುವ ಜಾಗಕ್ಕೆ, ಆಕೆ ಓಡಾಡುವ ಜಾಗಕ್ಕೆ ಅವನು ಬರಕೂಡದು ಎಂದು ಕೋರ್ಟು ಹೇಳಬಹುದು. ಬಸ್ ಸ್ಟಾಪೂ ಅದರಲ್ಲಿ ಸೇರುತ್ತದೆ. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ಕಿತ್ತುಕೊಳ್ಳಲು ಸಂರಕ್ಷಣಾಧಿಕಾರಿಗೆ ಮ್ಯಾಜಿಸ್ಟ್ರೇಟರು ಸೂಚಿಸಬಹುದು. ವಕೀಲರ ಫೀಸಿಗೆ ಹೆದರಬೇಡಿ, ಆದಾಯ ಎಷ್ಟೇ ಇರಲಿ ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ತುರ್ತಿಗೆ 112, ಸಹಾಯಕ್ಕೆ 181.

ಇಷ್ಟೆಲ್ಲ ಓದಿಕೊಂಡು ಮುಂದಿನ ವಾರ ಅವಳಿಗೆ ಹೇಳಿದೆ. ಕೇಳಿಸಿಕೊಂಡಳು. "ಆರ್ಡರ್ ಬರೋವರೆಗೆ?" ಎಂದಳು. ಕಾಯಿದೆಯಲ್ಲಿ 60 ದಿನದೊಳಗೆ ಅರ್ಜಿ ಮುಗಿಸಲು ಯತ್ನಿಸಬೇಕು ಎಂದಿದೆ. ಎಷ್ಟು ಮುಗಿಯುತ್ತವೆ ಎಂದು ಕೋರ್ಟಿನ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು.

ಆಗ ಹಿಂದೆ ಕೂತಿದ್ದ ಹೂ ಮಾರುವ ನಮ್ಮ ಹಿರಿಯರೊಬ್ಬರು, ಸಭೆಯಲ್ಲಿ ಬಾಯಿ ಬಿಡದವರು, "ನಾನು ಹೋಗ್ತೀನಿ, ಹೇಗೂ ಎಂಟರವರೆಗೆ ಅಲ್ಲೇ ಇರ್ತೀನಲ್ಲ" ಎಂದರು. ಇನ್ನಿಬ್ಬರು ಕೈ ಎತ್ತಿದರು. ಉಳಿತಾಯ ಪುಸ್ತಕದ ಕೊನೆಯ ಹಾಳೆಯಲ್ಲಿ ವಾರದ ಆರು ದಿನಕ್ಕೆ ಇಬ್ಬಿಬ್ಬರ ಹೆಸರು ಬರೆದೆವು. ಮೊದಲ ದಿನ ಅವನು ದೂರದಲ್ಲಿ ಬೈಕು ನಿಲ್ಲಿಸಿ ನೋಡಿದ. ಮೂರನೇ ದಿನ ಹತ್ತಿರ ಬಂದು ಬೈದ. ಹೂವಿನಮ್ಮ ಅವನಿಗಿಂತ ಜೋರಾಗಿ ಬೈದರಂತೆ, ಅಂಗಡಿಯವರೆಲ್ಲ ಹೊರಬಂದರಂತೆ. ಆಮೇಲೆ ಎರಡು ವಾರ ಕಂಡಿಲ್ಲ. ಮತ್ತೆ ಬರುವುದಿಲ್ಲ ಎಂದು ನಾನು ಹೇಳಲಾರೆ.

ಅರ್ಜಿ ಕೋರ್ಟಿನಲ್ಲಿದೆ, ಒಂದು ವಿಚಾರಣೆ ಆಗಿದೆ. ಮಂಗಳವಾರ ಮತ್ತು ಶುಕ್ರವಾರ ನನ್ನ ಸರದಿ. ಇವತ್ತು ಶುಕ್ರವಾರ, ಏಳೂವರೆ ಆಗುತ್ತಾ ಬಂತು.