ಹನಿಮೂನಿಗೆ ಐದು ಜನ!

ಹೊಸ ಗಂಡ, ಹೊಸ ಹೆಂಡತಿ. ಫ್ರಾನ್ಸ್ ದೇಶದ ಹಳ್ಳಿಗಾಡು. ರಸ್ತೆಯ ಎರಡೂ ಕಡೆ ಸಾಲುಮರ, ಅದರಾಚೆ ಕಣ್ಣು ಹಾಯಿಸಿದಷ್ಟೂ ಹೊಲ. ಹಡಗಿನಂಥ ಉದ್ದನೆಯ ಕಾರು. ‘ಇನ್ನೇನು ಬೇಕು ಗುರೂ, ಹಾಡು ಶುರುವಾಗಲಿ’ ಅಂತೀರಾ? ಸ್ವಲ್ಪ ತಡೀರಿ. ಕಾರಿನಲ್ಲಿರೋದು ಇಬ್ಬರಲ್ಲ, ಐದು ಜನ! ಕಾರಿನ ಯಜಮಾನ ಒಬ್ಬ ಅಮೆರಿಕನ್. ಅವನ ಹೆಂಡತಿ ನಮ್ಮ ಹೀರೋನ ಹಳೇ ಪ್ರೇಯಸಿ. ಜೊತೆಗೆ ಅವರ ಮುದ್ದಿನ ಮಗಳು. ಹೆಸರು ರೂತಿ. ಮಾರಿ ಅಂತ ಕರೆದರೂ ನಡೆಯುತ್ತೆ.

ಇದು 1967ರಲ್ಲಿ ತೆರೆ ಕಂಡ ‘ಟೂ ಫಾರ್ ದಿ ರೋಡ್’ ಚಿತ್ರದ ಸಮಾಚಾರ. ನಿರ್ದೇಶಕ ಸ್ಟ್ಯಾನ್ಲಿ ಡೋನೆನ್. 1952ರಲ್ಲಿ ಜೀನ್ ಕೆಲ್ಲಿ ಜೊತೆ ಸೇರಿ ‘ಸಿಂಗಿಂಗ್ ಇನ್ ದಿ ರೈನ್’ ಕೊಟ್ಟ ಪುಣ್ಯಾತ್ಮ. ಕಥೆ, ಸಂಭಾಷಣೆ ಫ್ರೆಡರಿಕ್ ರಾಫೇಲ್. ಸಂಗೀತ ಹೆನ್ರಿ ಮಾನ್ಸಿನಿ. ನಾಯಕ ಆಲ್ಬರ್ಟ್ ಫಿನ್ನಿ. ನಾಯಕಿ... ‘ರೋಮನ್ ಹಾಲಿಡೇ’ಯ ಆಡ್ರಿ ಹೆಪ್‌ಬರ್ನ್! ಆ ಕಣ್ಣುಗಳ ಬಗ್ಗೆ ಬರೆಯಲು ಹೊರಟರೆ ಈ ಪುಟ ಸಾಲದು, ಬಿಡಿ.

ನಮ್ಮ ಸಿನಿಮಾಗಳಲ್ಲಿ ಹನಿಮೂನ್ ಅಂದ್ರೆ ಏನು? ತಾಳಿ ಕಟ್ಟಿದ ಮರುಕ್ಷಣ ಊಟಿ. ಬಂಡೆ ಮೇಲೊಂದು ಸಾಲು, ದೋಣಿಯಲ್ಲೊಂದು ಸಾಲು, ಹೂವಿನ ಹಿಂದೆ ಮುತ್ತು. ನಾಲ್ಕು ನಿಮಿಷಕ್ಕೆ ದಾಂಪತ್ಯ ಮುಗೀತು. ದುಡ್ಡಿದ್ದ ನಿರ್ಮಾಪಕ ಫಾರಿನ್ ವಿಮಾನ ಹತ್ತುತ್ತಾನೆ. ಕನ್ನಡದವರು ಮೊದಲು ಹೊರದೇಶಕ್ಕೆ ಹೋಗಿ ಷೂಟಿಂಗ್ ಮಾಡಿದ್ದು 1978ರ ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’ಕ್ಕೆ. ಹಿಂದಿಯಲ್ಲಿ ರಾಜ್ ಕಪೂರ್ 1964ರಲ್ಲೇ ‘ಸಂಗಂ’ ಚಿತ್ರದ ಹನಿಮೂನಿಗೆ ಯೂರೋಪ್ ಸುತ್ತಿ ಬಂದ. ನೆನಪಿದೆಯಾ? ಆ ಹನಿಮೂನಿಗೂ ಮೂರನೆಯವನೊಬ್ಬ ಬರ್ತಾನೆ. ಗೆಳೆಯ ಗೋಪಾಲ್! ಕರೆಸಿಕೊಂಡವನು ಗಂಡನೇ. ಅಲ್ಲಿಂದ ಶುರುವಾಗಿದ್ದು ಕಣ್ಣೀರಿನ ಕೋಡಿ.

ಡೋನೆನ್ ಕಣ್ಣೀರು ಹಾಕಿಸಲ್ಲ. ನಗಿಸುತ್ತಾನೆ. ನಗುನಗುತ್ತಲೇ ಚುಚ್ಚುತ್ತಾನೆ.

ಗಂಡ ಮಾರ್ಕ್, ಹೆಂಡತಿ ಜೊವಾನಾ. ಇವರನ್ನು ಕರೆದುಕೊಂಡು ಹೊರಟ ಆ ಅಮೆರಿಕನ್ ಗೆಳೆಯನಿಗೆ ಎಲ್ಲವೂ ಲೆಕ್ಕ. ಯಾರು ಎಷ್ಟು ಖರ್ಚು ಮಾಡಿದರು, ಯಾರ ಪಾಲಿಗೆ ಎಷ್ಟು ಅಂತ ಬರೆದಿಡುವ ಜಾತಿ. ಮಗಳಿಗೆ ‘ಬೇಡ’ ಅನ್ನಬಾರದು ಅನ್ನೋದು ಗಂಡ ಹೆಂಡತಿ ಇಬ್ಬರ ಸಿದ್ಧಾಂತ. ಮಗುವಿನ ಮನಸ್ಸು ಮುರುಟುತ್ತಂತೆ! ಹಾಗಾಗಿ ಐದು ಜನರ ಪ್ರವಾಸದ ನಿಜವಾದ ಡ್ರೈವರ್ ರೂತಿಯೇ. ಅವಳು ಅತ್ತರೆ ಕಾರು ನಿಲ್ಲಬೇಕು, ನಕ್ಕರೆ ಹೊರಡಬೇಕು. ಒಂದು ಸಲ ಕಾರಿನ ಕೀಯನ್ನೇ ಎಸೆದುಬಿಡ್ತಾಳೆ. ದೊಡ್ಡವರೆಲ್ಲ ಹುಲ್ಲಿನಲ್ಲಿ ಬಗ್ಗಿ ಹುಡುಕಬೇಕು. ಆಗಲೂ ಒಂದು ಏಟಿಲ್ಲ, ಒಂದು ಬೈಗುಳವಿಲ್ಲ. ನಾನು ನೋಡುತ್ತಾ ಹಲ್ಲು ಕಡಿದೆ.

ಆದರೆ ಮಕ್ಕಳ ಬಾಯಿಗೆ ಬೀಗ ಎಲ್ಲಿದೆ? ಜೊವಾನಾ ಬಗ್ಗೆ ತನ್ನ ಅಪ್ಪ ಅಮ್ಮ ಹಿಂದಿನಿಂದ ಆಡಿಕೊಂಡ ಮಾತನ್ನು ಆ ಹುಡುಗಿ ಎಲ್ಲರೆದುರು ಒದರಿಬಿಡ್ತಾಳೆ. ಹಳೇ ಪ್ರೇಯಸಿಯ ಹೊಟ್ಟೆಯಲ್ಲಿದ್ದ ವಿಷ ಮಗಳ ನಾಲಿಗೆಯಿಂದ ಹೊರಗೆ ಬಂತು.

ಈಗ ಮಾರ್ಕ್ ಏನು ಮಾಡಬೇಕು ಹೇಳಿ. ಕಾರು ಅವರದು. ಸ್ನೇಹ ಹಳೆಯದು. ‘ಮಗು ಏನೋ ಅಂತು, ಮನಸ್ಸಿಗೆ ಹಚ್ಕೋಬೇಡ’ ಅಂತ ಹೆಂಡತಿಗೇ ಸಮಾಧಾನ ಹೇಳಬಹುದಿತ್ತು. ನೂರಕ್ಕೆ ತೊಂಬತ್ತು ಗಂಡಂದಿರು ಮಾಡೋದು ಅದನ್ನೇ. ಮಾರ್ಕ್ ಹಾಗೆ ಮಾಡಲ್ಲ. ಹೆಂಡತಿಯ ಜೊತೆ ಆ ಗುಂಪನ್ನೇ ಬಿಟ್ಟು ಹೊರಡುತ್ತಾನೆ. ಇವರಿಬ್ಬರ ಮದುವೆ ಆಗಿದ್ದು ಆಗ, ಅಂತ ನನ್ನ ಲೆಕ್ಕ. ಉಂಗುರ ತೊಡಿಸಿದ್ದೆಲ್ಲ ಬರೀ ರಿಹರ್ಸಲ್.

ನನ್ನ ಗೆಳೆಯನೊಬ್ಬನಿಗೆ ಬರುವ ತಿಂಗಳು ಮದುವೆ. ‘ಚಿಕ್ಕಮಗಳೂರಿಗೆ ಹನಿಮೂನ್ ಮಗಾ, ಟೆಂಪೊ ಟ್ರಾವಲರ್ ಬುಕ್ ಮಾಡಿದೀನಿ, ನೀವೆಲ್ಲ ಬರ್ಲೇಬೇಕು’ ಅಂದ. ಒಟ್ಟು ಒಂಬತ್ತು ಜನ. ಒಂಬತ್ತರಲ್ಲಿ ಹುಡುಗಿ ಒಬ್ಬಳೇ, ಮದುಮಗಳು! ‘ಆ ಹುಡುಗಿಯನ್ನ ಒಂದು ಮಾತು ಕೇಳಿದೆಯೇನೋ?’ ಅಂದೆ. ‘ಅವಳೇನಂತಾಳೆ, ಜಾಲಿಯಾಗಿರುತ್ತೆ’ ಅಂದ. ಮೊದಲು ರೂತಿಯನ್ನು ನೋಡಪ್ಪ, ಆಮೇಲೆ ಅಡ್ವಾನ್ಸ್ ಕೊಡುವೆಯಂತೆ ಅಂತ ಹೇಳಿ ಬಂದಿದ್ದೇನೆ.

ಈ ಐದು ಜನರ ಪ್ರವಾಸ ಚಿತ್ರದ ಒಂದು ಎಳೆ ಅಷ್ಟೆ. ಅದೇ ಗಂಡ ಹೆಂಡತಿ, ಅದೇ ಫ್ರಾನ್ಸ್, ಸುಮಾರು ಹನ್ನೆರಡು ವರ್ಷಗಳಲ್ಲಿ ಮಾಡಿದ ಹಲವು ಪ್ರವಾಸಗಳು. ಎಲ್ಲವನ್ನೂ ಡೋನೆನ್ ಒಟ್ಟಿಗೆ ಕಲಸಿಬಿಟ್ಟಿದ್ದಾನೆ. ನಮ್ಮಲ್ಲಾದರೆ ಫ್ಲ್ಯಾಶ್‌ಬ್ಯಾಕ್ ಬರುವ ಮುಂಚೆ ಪರದೆಯ ಮೇಲೆ ನೀರಿನ ಅಲೆ ಏಳುತ್ತೆ, ವೀಣೆ ಮಿಡಿಯುತ್ತೆ. ಇಲ್ಲಿ ಅದೇನೂ ಇಲ್ಲ. ಒಂದು ಕಾರು ತಿರುವಿನಲ್ಲಿ ಮರೆಯಾಗುತ್ತೆ, ಅದೇ ತಿರುವಿನಿಂದ ಐದು ವರ್ಷ ಹಿಂದಿನ ಇನ್ನೊಂದು ಕಾರು ಬರುತ್ತೆ. ಒಳಗೆ ಅವರೇ! ಮೊದಲ ಸಲ ಬ್ಯಾಗು ಹೊತ್ತು, ಕೈ ತೋರಿಸಿ ಸಿಕ್ಕ ಗಾಡಿ ಹತ್ತುವ ಬಡಪಾಯಿಗಳು. ಆಮೇಲೆ ಗೆಳೆಯರ ಫೋರ್ಡ್. ಆಮೇಲೆ ಲಟಲಟ ಅನ್ನುವ ಸ್ವಂತ ಎಂ.ಜಿ. ಆಮೇಲೆ ಟ್ರಯಂಫ್ ಹೆರಾಲ್ಡ್. ಇದು ನಮಗೆ ಹೊಸದಲ್ಲ. 1961ರಿಂದ ಮದ್ರಾಸಿನಲ್ಲೇ ತಯಾರಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನೋ ಹೆಸರಲ್ಲಿ ನಮ್ಮೂರ ಡಾಕ್ಟರು, ವಕೀಲರ ಮನೆ ಮುಂದೆ ನಿಂತಿರುತ್ತಿದ್ದ ಕಾರು ಅದೇ. ಕಡೆಗೆ ಬಿಳೀ ಮರ್ಸಿಡಿಸ್. ಮಾರ್ಕ್ ದೊಡ್ಡ ಆರ್ಕಿಟೆಕ್ಟ್ ಆಗಿದ್ದಾನೆ, ಕೈತುಂಬ ಕಾಸು. ಆದರೆ ಕಾರು ದೊಡ್ಡದಾದಷ್ಟೂ ಮಾತು ಕಮ್ಮಿ. ಬ್ಯಾಗು ಹೊತ್ತ ದಿನ ಹೋಟೆಲಿನಲ್ಲಿ ಮಾತಿಲ್ಲದೆ ಊಟ ಮಾಡುವ ಜೋಡಿಯನ್ನು ನೋಡಿ ಇವರು ತಮಾಷೆ ಮಾಡಿದ್ದರು. ಈಗ ಅಂಥ ಮೇಜಿನಲ್ಲಿ ಕೂತಿರೋರು ಇವರೇ!

ಹೊರಗೆ ಮುಖ ಹಾಕಿದ್ದೂ ಆಗಿದೆ. ಒಂಟಿಯಾಗಿ ಹೋದ ಪ್ರವಾಸದಲ್ಲಿ ಅವನು ಒಂದು ದಿನ. ಅದಕ್ಕೆ ಬಡ್ಡಿ ಸಮೇತ ಅವಳು, ಡೇವಿಡ್ ಅನ್ನುವವನ ಜೊತೆ. ಅವಳು ಹೋಗಿ ವಾಪಸ್ ಬರುತ್ತಾಳೆ. ಫಿನ್ನಿ ಆ ಅವಮಾನವನ್ನು ನುಂಗುವ ರೀತಿ ನೋಡಬೇಕು. ಎದೆ ಬಡಿದುಕೊಳ್ಳಲ್ಲ, ಡೈಲಾಗ್ ಹೊಡೆಯಲ್ಲ. ಮುಖದ ತುಂಬ ಹಟ, ಕಣ್ಣಿನಲ್ಲಿ ಮಾತ್ರ ಏಟು ತಿಂದ ಹುಡುಗ.

ಹೆಪ್‌ಬರ್ನ್ ಅಂದ್ರೆ ಪ್ಯಾರಿಸ್ಸಿನ ಜಿವಾಂಶಿ ಹೊಲಿದ ಉಡುಪು ಅಂತಲೇ ಲೆಕ್ಕ. ಡೋನೆನ್ ಈ ಚಿತ್ರಕ್ಕೆ ಅದು ಬೇಡ ಅಂದ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬಟ್ಟೆ ತೊಡಿಸಿದ. 1966ರಲ್ಲಿ ಫ್ರಾನ್ಸಿನಲ್ಲಿ ಈ ಚಿತ್ರದ ಷೂಟಿಂಗ್ ನಡೆದಾಗ ಅವಳ ಸ್ವಂತ ಸಂಸಾರವೂ ಮುರಿಯುವ ಹಂತಕ್ಕೆ ಬರುತ್ತಿತ್ತು. 1954ರಲ್ಲಿ ಕೈ ಹಿಡಿದ ಮೆಲ್ ಫೆರರ್ ಜೊತೆ 1968ರಲ್ಲಿ ವಿಚ್ಛೇದನವಾಯಿತು. ತೆರೆಯ ಮೇಲೆ ಕಾಣುವ ಸುಸ್ತಿನಲ್ಲಿ ನಟನೆ ಎಷ್ಟು, ನಿಜ ಎಷ್ಟು? ಗಾಸಿಪ್ ಬೇಕಾದವರು ಬೇರೆ ಪುಟ ತಿರುವಿ ಹಾಕಿ. 1967ರಲ್ಲೇ ಬಂದ ‘ವೇಟ್ ಅಂಟಿಲ್ ಡಾರ್ಕ್’ ಮುಗಿಸಿ ಅವಳು ಕ್ಯಾಮೆರಾ ಬಿಟ್ಟು ಮನೆ ಸೇರಿದಳು. ಮತ್ತೆ ಚಿತ್ರಮಂದಿರದ ತೆರೆಗೆ ಬಂದಿದ್ದು 1976ರಲ್ಲಿ, ‘ರಾಬಿನ್ ಅಂಡ್ ಮರಿಯನ್’ ಚಿತ್ರದಲ್ಲಿ.

ನೋಡುವವರಿಗೆ ಒಂದು ಕಿವಿಮಾತು. ಮೊದಲ ಕಾಲು ಗಂಟೆ ಯಾವುದು ಹಿಂದೆ, ಯಾವುದು ಮುಂದೆ ಅಂತ ತಲೆ ಕೆಡುತ್ತೆ. ಎದ್ದು ಹೋಗಬೇಡಿ. ಕಾರು ಯಾವುದು, ಅವಳ ಕೂದಲು ಹೇಗಿದೆ ಅಂತ ಗಮನಿಸಿ, ತಾನಾಗಿ ಹಾದಿ ಹತ್ತುತ್ತೆ. ಹಾಗೇ ಆ ಪಾಸ್‌ಪೋರ್ಟನ್ನೂ ಮರೀಬೇಡಿ. ಅವರು ಮೊದಲು ಭೇಟಿಯಾದ ದಿನ ಅವನ ಪಾಸ್‌ಪೋರ್ಟ್ ಕಾಣೆಯಾಗುತ್ತೆ, ಹುಡುಕಿಕೊಡೋದು ಅವಳು. ಚಿತ್ರದ ಕೊನೆಯಲ್ಲಿ ಗಡಿಯ ಬಳಿ ಮರ್ಸಿಡಿಸ್ ನಿಂತಿದೆ, ಅವನು ಜೇಬು ತಡಕುತ್ತಿದ್ದಾನೆ. ಪಾಸ್‌ಪೋರ್ಟ್ ಇಲ್ಲ! ಅವಳು ಸುಮ್ಮನೆ ಎತ್ತಿ ಕೊಡ್ತಾಳೆ. ಅವನು ಒಂದು ಕೆಟ್ಟ ಬೈಗುಳ ಬೈತಾನೆ, ಅವಳು ಅಷ್ಟೇ ಕೆಟ್ಟದ್ದನ್ನು ವಾಪಸ್ ಬೈತಾಳೆ. ಇಬ್ಬರ ಮುಖದಲ್ಲೂ ನಗು. ಕಾರು ಗಡಿ ದಾಟುತ್ತೆ.